ಯಾರದೋ ದುಡ್ಡು, ಬಲ್ಕ್‌ಲಿ ಸಾಹೇಬರ ಜಾತ್ರೆ

ನಿನ್ನೆ ರಾತ್ರಿಯಿಂದ ತಲೆ ಕೆಟ್ಟಿದೆ. ಬರೆದು ಹಾಕದಿದ್ದರೆ ಸಮಾಧಾನ ಇಲ್ಲ. ಬರಹ ಉದ್ದ ಇದೆ, ಮೊದಲೇ ಹೇಳಿಬಿಟ್ಟಿದ್ದೀನಿ. ಆಮೇಲೆ "ಇಷ್ಟುದ್ದ ಯಾರು ಓದ್ತಾರೆ ಮೇಡಂ" ಅಂತ ಕೆಳಗೆ ಬರೆಯಬೇಡಿ.

ವಿಷಯ ಇಷ್ಟು. ಇಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ಸುತ್ತಮುತ್ತ ಇರುವ ನಾಲ್ಕಾರು ಕನ್ನಡದ ಮನೆಯವರು ನಿನ್ನೆ ಊಟಕ್ಕೆ ಸೇರಿದ್ದೆವು. ಊಟ ಆದ ಮೇಲೆ ಒಬ್ಬ ಹಿರಿಯರು ಮಕ್ಕಳನ್ನು ಸುತ್ತ ಕೂರಿಸಿಕೊಂಡು ಈ ಊರಿನ ಹಳೇ ಕಥೆ ಶುರು ಮಾಡಿದರು. ಮಾರ್ಗನ್ ಬಲ್ಕ್‌ಲಿ ಕಥೆ. "ನೋಡ್ರಪ್ಪ, ಎಷ್ಟು ದೊಡ್ಡ ಇನ್ಶೂರೆನ್ಸ್ ಕಂಪನಿ ಯಜಮಾನ ಅವನು! ಮೇಯರ್ ಆದ, ಸಂಬಳ ಬಡವರಿಗೆ ಕೊಟ್ಟ. ಗವರ್ನರ್ ಆದ, ಸರ್ಕಾರದ ಹತ್ರ ಕಾಸಿಲ್ಲ ಅಂದಾಗ ತಾನೇ ಕೊಟ್ಟು ನಡೆಸಿದ. ನಮ್ಮ ಕಡೆ ಇಂಥವನು ಒಬ್ಬ ಇದಾನಾ? ಎಲ್ಲ ತಿನ್ನೋರೇ."

ಎಲ್ಲರೂ ಹೌದು ಹೌದು ಅಂತ ತಲೆ ಆಡಿಸಿದರು. ನನಗೆ ಬಾಯಿ ಸುಮ್ನಿರಲ್ಲ, ನಿಮಗೆ ಗೊತ್ತು. "ಅದು ಅವನ ದುಡ್ಡಲ್ಲ ಸರ್" ಅಂದೆ.

"ಅಯ್ಯೋ ಬಿಡಮ್ಮ, ನಿನಗೆ ಎಲ್ಲದರಲ್ಲೂ ತಕರಾರು" ಅಂದರು. ಮನೆಯವರು ಆ ಕಡೆಯಿಂದ ಕಣ್ಣಲ್ಲೇ ಸನ್ನೆ ಮಾಡಿದರು. ಸುಮ್ಮನಾದೆ. ಅಲ್ಲಿ ಸುಮ್ಮನಾಗಿದ್ದಕ್ಕೆ ಇಲ್ಲಿ ಬರೀತಾ ಇದ್ದೀನಿ.

ಬಲ್ಕ್‌ಲಿ ಯಾರು ಅಂತ ಗೊತ್ತಿಲ್ಲದವರಿಗೆ ಬೇಗ ಹೇಳಿಬಿಡ್ತೀನಿ. ಹುಟ್ಟಿದ್ದು 1837ರಲ್ಲಿ, ಕನೆಕ್ಟಿಕಟ್‌ನ ಈಸ್ಟ್ ಹ್ಯಾಡಮ್‌ನಲ್ಲಿ. ಅಪ್ಪ ಎಲಿಫಲೆಟ್ ಬಲ್ಕ್‌ಲಿ, ಈಟ್ನಾ ಲೈಫ್ ಇನ್ಶೂರೆನ್ಸ್ ಕಂಪನಿಯ ಮೊದಲ ಅಧ್ಯಕ್ಷ. ಮಗ ಹುಡುಗನಾಗಿದ್ದಾಗಲೇ ಬ್ರೂಕ್ಲಿನ್‌ಗೆ ಹೋಗಿ ನೆಂಟರ ಬಟ್ಟೆ ಅಂಗಡಿಯಲ್ಲಿ ಕೆಲಸ ಕಲಿತ. ಅಂತರ್ಯುದ್ಧದಲ್ಲಿ ಸ್ವಲ್ಪ ಕಾಲ ಸೈನ್ಯದಲ್ಲೂ ಇದ್ದ. 1872ರಲ್ಲಿ ಅಪ್ಪ ತೀರಿಕೊಂಡ ಮೇಲೆ ಹಾರ್ಟ್‌ಫರ್ಡ್‌ಗೆ ವಾಪಸ್ ಬಂದು ಬ್ಯಾಂಕ್ ಕಟ್ಟಿದ. 1879ರಲ್ಲಿ ಈಟ್ನಾ ಅಧ್ಯಕ್ಷನಾದ. 1922ರಲ್ಲಿ ಸಾಯುವವರೆಗೂ ಆ ಕುರ್ಚಿ ಬಿಡಲಿಲ್ಲ. 43 ವರ್ಷ! ಈ ಮಧ್ಯೆಯೇ 8 ವರ್ಷ ಹಾರ್ಟ್‌ಫರ್ಡ್ ಮೇಯರ್, 4 ವರ್ಷ ರಾಜ್ಯದ ಗವರ್ನರ್ (ನಮ್ಮ ಮುಖ್ಯಮಂತ್ರಿ ಥರ), 6 ವರ್ಷ ಅಮೆರಿಕದ ಸೆನೆಟರ್. ಅಷ್ಟೂ ಕಾಲ ಕಂಪನಿ ಅಧ್ಯಕ್ಷಗಿರಿ ಕೈಯಲ್ಲೇ ಇತ್ತು. ಈಗಿನ ಕಾಲದಲ್ಲಾದರೆ ಟಿವಿಯವರು ಮೂರು ದಿನ ಇದನ್ನೇ ಅರೆಯುತ್ತಿದ್ದರು.

ಮೇಯರ್ ಸಂಬಳವನ್ನು ಊರಿನ ಬಡವರ ನಿಧಿಗೆ ಬಿಟ್ಟುಕೊಟ್ಟಿದ್ದು ನಿಜ. ಒಪ್ಪಿಕೊಳ್ಳೋಣ. ಆದರೆ ಇನ್ಶೂರೆನ್ಸ್ ಕಂಪನಿ ಯಜಮಾನನಿಗೆ ಮೇಯರ್ ಸಂಬಳ ಎಷ್ಟರ ಲೆಕ್ಕ? ನಮ್ಮಲ್ಲೂ ಕೋಟಿಗಟ್ಟಲೆ ಆಸ್ತಿ ತೋರಿಸಿದ ಶಾಸಕರು "ಒಂದು ತಿಂಗಳ ಸಂಬಳ ನೆರೆ ಪರಿಹಾರಕ್ಕೆ" ಅಂತ ಚೆಕ್ ಹಿಡಿದು ಫೋಟೋ ಹಾಕಿಸಿಕೊಳ್ತಾರೆ. ಆಗ ನಗ್ತೀವಿ. ಅದೇ ಕೆಲಸ ಬಿಳಿ ಮೀಸೆ ಇರೋ ಅಮೆರಿಕದವನು ಮಾಡಿದರೆ ಮಕ್ಕಳಿಗೆ ಕಥೆ ಹೇಳ್ತೀವಿ!

ಹೋಗಲಿ, ಅದು ಅವನದೇ ದುಡ್ಡು. ಕೊಟ್ಟ, ಸಂತೋಷ. ನನ್ನ ತಕರಾರು ಆ ಇನ್ನೊಂದು ದುಡ್ಡಿನದು.

ಆ ಕಥೆ ಪೂರ್ತಿ ಕೇಳಿ, ಸಿನಿಮಾ ಥರ ಇದೆ. ಆಗ ಕನೆಕ್ಟಿಕಟ್‌ನಲ್ಲಿ ಒಂದು ವಿಚಿತ್ರ ನಿಯಮ ಇತ್ತು. ಗವರ್ನರ್ ಆಗಬೇಕಾದರೆ ಎಲ್ಲರಿಗಿಂತ ಜಾಸ್ತಿ ವೋಟು ಬಂದರೆ ಸಾಲದು, ಬಿದ್ದ ವೋಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ಬರಬೇಕು. ಬರದಿದ್ದರೆ ಶಾಸನಸಭೆ ಆರಿಸುತ್ತೆ. 1888ರಲ್ಲಿ ಡೆಮಾಕ್ರಟಿಕ್ ಪಕ್ಷದ ಲೂಜಾನ್ ಮಾರಿಸ್‌ಗೆ ಬಲ್ಕ್‌ಲಿಗಿಂತ ಜಾಸ್ತಿ ವೋಟು ಬಂತು. ಆದರೆ ಅರ್ಧ ದಾಟಲಿಲ್ಲ. ಸಭೆಯಲ್ಲಿ ರಿಪಬ್ಲಿಕನ್ನರ ಕೈ ಮೇಲಿತ್ತು. ಬಲ್ಕ್‌ಲಿ ಅವರ ಪಕ್ಷದವನು. ಗವರ್ನರ್ ಆಗಿಬಿಟ್ಟ.

1890ರಲ್ಲಿ ಮತ್ತೆ ಚುನಾವಣೆ. ಈ ಸಲ ಬಲ್ಕ್‌ಲಿ ನಿಂತೇ ಇರಲಿಲ್ಲ! ರಿಪಬ್ಲಿಕನ್ನರು ಬೇರೆಯವರನ್ನು ನಿಲ್ಲಿಸಿದ್ದರು. ಮಾರಿಸ್ ಮತ್ತೆ ಮುಂದೆ ಬಂದರು. ನಮಗೆ ಅರ್ಧ ದಾಟಿದೆ ಅಂತ ಡೆಮಾಕ್ರಟರು, ಇಲ್ಲ ಅಂತ ರಿಪಬ್ಲಿಕನ್ನರು. ವ್ಯತ್ಯಾಸ ಬೆರಳೆಣಿಕೆಯಷ್ಟು ವೋಟಿನದು. ಕೆಳಮನೆ ಒಂದು ಪಕ್ಷದ ಕೈಲಿ, ಮೇಲ್ಮನೆ ಇನ್ನೊಂದರ ಕೈಲಿ. ಇವರು ಹೂಂ ಅಂದರೆ ಅವರು ಉಹೂಂ. ಯಾರೂ ಗವರ್ನರ್ ಆಗಲಿಲ್ಲ. "ಹಾಗಾದರೆ ಹೊಸಬರು ಬರೋವರೆಗೆ ನಾನೇ ಇರ್ತೀನಿ" ಅಂತ ಬಲ್ಕ್‌ಲಿ ಕೂತ. ಕೂತವನು ಎರಡು ವರ್ಷ ಏಳಲಿಲ್ಲ.

ಪಕ್ಕದ ನ್ಯೂಯಾರ್ಕ್ ಗವರ್ನರ್ ಡೇವಿಡ್ ಹಿಲ್ "ಈತ ಗವರ್ನರೇ ಅಲ್ಲ" ಅಂತ ಅವನ ಕಾಗದ ಪತ್ರಕ್ಕೆ ಬೆಲೆ ಕೊಡಲಿಲ್ಲ. ಓಡಿಹೋದ ಅಪರಾಧಿಯನ್ನು ಒಪ್ಪಿಸಿ ಅಂದರೂ ಇಲ್ಲ ಅಂದರು. 1891ರ ಮಾರ್ಚ್‌ನಲ್ಲಿ ಒಂದು ದಿನ ಬಲ್ಕ್‌ಲಿ ಕ್ಯಾಪಿಟಲ್ ಕಟ್ಟಡಕ್ಕೆ (ಇಲ್ಲಿನ ವಿಧಾನಸೌಧ) ಬಂದರೆ ಆಫೀಸಿನ ಬಾಗಿಲಿಗೆ ಹೊಸ ಬೀಗ. ಹಾಕಿಸಿದ್ದು ಡೆಮಾಕ್ರಟಿಕ್ ಪಕ್ಷದ ಕಂಟ್ರೋಲರ್, ಅಂದರೆ ರಾಜ್ಯದ ಲೆಕ್ಕಪತ್ರ ನೋಡಿಕೊಳ್ಳೋ ಅಧಿಕಾರಿ, ನಿಕೋಲಸ್ ಸ್ಟಾಬ್. ಬಲ್ಕ್‌ಲಿ ಕೋರ್ಟಿಗೂ ಹೋಗಲಿಲ್ಲ, ಪತ್ರನೂ ಬರೆಯಲಿಲ್ಲ. ಹಾರೆ ತರಿಸಿದ. ಬಾಗಿಲು ಮೀಟಿ ಒಳಗೆ ಹೋಗಿ ಕೂತ. ಆವತ್ತಿನಿಂದ ಅವನ ಹೆಸರೇ "ಹಾರೆ ಗವರ್ನರ್".

ಇಲ್ಲಿಯವರೆಗೆ ನನಗೂ ಒಂಥರಾ ಖುಷಿನೇ. ಬೀಗ ಮುರಿಯೋ ಗವರ್ನರ್ ಯಾರಿಗೆ ಇಷ್ಟ ಆಗಲ್ಲ ಹೇಳಿ.

ಇನ್ನು ದುಡ್ಡಿನ ವಿಷಯ. ಸಭೆ ಖರ್ಚಿಗೆ ಮಂಜೂರಾತಿ ಕೊಡಲಿಲ್ಲ. ಖಜಾನೆಯಿಂದ ಕಾಸು ಹೊರಡಲ್ಲ. ಆಗ ಬಲ್ಕ್‌ಲಿ ಈಟ್ನಾದಿಂದ ಸುಮಾರು 3 ಲಕ್ಷ ಡಾಲರ್ ರಾಜ್ಯಕ್ಕೆ ಸಾಲ ಕೊಡಿಸಿ ಸರ್ಕಾರ ನಡೆಸಿದ. ನಿನ್ನೆ ನಮ್ಮ ಹಿರಿಯರು "ತಾನೇ ಕೊಟ್ಟ" ಅಂದಿದ್ದು ಇದನ್ನೇ.

ತಾನೇ ಅಂದರೆ ಯಾರು ಸ್ವಾಮಿ? ಸಾಲ ಕೇಳಿದ್ದು ಗವರ್ನರ್ ಬಲ್ಕ್‌ಲಿ. ಸಾಲ ಕೊಟ್ಟಿದ್ದು ಅಧ್ಯಕ್ಷ ಬಲ್ಕ್‌ಲಿಯ ಕಂಪನಿ. ಆ ಸಾಲದಿಂದ ಕುರ್ಚಿ ಉಳಿದಿದ್ದು ಬಲ್ಕ್‌ಲಿಗೆ. ದುಡ್ಡು ಯಾರದು? ಜೀವವಿಮೆ ಕಟ್ಟಿದ ಜನರದು. ತಾನು ಸತ್ತರೆ ಹೆಂಡತಿ ಮಕ್ಕಳ ಗತಿ ಏನು ಅಂತ ಹೆದರಿ, ಮನೆ ಖರ್ಚಲ್ಲಿ ಉಳಿಸಿ ಕಟ್ಟಿದ ಕಂತು ಅದು. ಅವರಲ್ಲಿ ಮಾರಿಸ್‌ಗೆ ವೋಟು ಹಾಕಿದವರೂ ಇದ್ದೇ ಇರ್ತಾರೆ ಅಲ್ವಾ? ಅವರ ಕಂತಿನ ದುಡ್ಡಲ್ಲೇ ಅವರು ಬೇಡ ಅಂದವನ ಸರ್ಕಾರ ನಡೀತು. ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ ಅಂತೀವಲ್ಲ, ಯಲ್ಲಮ್ಮನ ಹೆಸರಿಗೆ ಸುಮ್ನೆ ಅಪವಾದ. ಜಾತ್ರೆ ಇಲ್ಲಿ ಹಾರ್ಟ್‌ಫರ್ಡ್‌ನಲ್ಲಿ ನಡೆದಿದೆ.

"ಸಾಲ ತಾನೇ, ರಾಜ್ಯ ಆಮೇಲೆ ತೀರಿಸಿತಲ್ಲ, ಯಾರಿಗೇನು ನಷ್ಟ?" ಅಂತ ಕೇಳೋರು ಇದ್ದೀರಿ. ಹೌದು, ತೀರಿಸಿತು. 1892ರ ಆರಂಭದಲ್ಲಿ ರಾಜ್ಯದ ಮೇಲಿನ ಕೋರ್ಟ್ ಕೂಡ ಬಲ್ಕ್‌ಲಿಯೇ ಗವರ್ನರ್ ಅಂತ ಹೇಳಿತು. ಆ ಎರಡು ವರ್ಷ ಸರ್ಕಾರ ನಿಂತಿದ್ದರೆ ಆಸ್ಪತ್ರೆ, ಜೈಲು, ಸಂಬಳ ಎಲ್ಲಕ್ಕೂ ಕುತ್ತು ಬರ್ತಿತ್ತು ಅನ್ನೋದೂ ಸರಿ. ಆದರೆ ಸಾಲ ಕೊಟ್ಟ ದಿನ ಕೋರ್ಟ್ ಏನು ಹೇಳುತ್ತೆ ಅಂತ ಗೊತ್ತಿರಲಿಲ್ಲ. "ಇವನು ಗವರ್ನರೇ ಅಲ್ಲ, ಇವನು ಮಾಡಿದ ಸಾಲ ನಾವ್ಯಾಕೆ ತೀರಿಸಬೇಕು" ಅಂತ ಮುಂದೆ ಬಂದವರು ಅಂದಿದ್ದರೆ? ಆ ಜೂಜಿನಲ್ಲಿ ಇಟ್ಟಿದ್ದು ಯಾರ ದುಡ್ಡು? ನಷ್ಟ ಆಗಲಿಲ್ಲ ಅನ್ನೋದು ಅದೃಷ್ಟ. ಅದನ್ನು ದಾನ ಅಂತ ಕರೆಯಬೇಡಿ.

ನಿಮಗೆಲ್ಲ ಗೊತ್ತಿರೋ ಹಾಗೆ ನಮ್ಮಪ್ಪ ತಿಪಟೂರಲ್ಲಿ ಎಲ್‌ಐಸಿ ಏಜೆಂಟ್ ಆಗಿದ್ದರು. ನನಗೆ ಈ ವಿಷಯದಲ್ಲಿ ಮೈಯೆಲ್ಲ ಉರಿಯೋದು ಅದಕ್ಕೇ. ಕೊಬ್ಬರಿ ಹರಾಜಿನ ದಿನ ರೈತರ ಕೈಗೆ ನಾಲ್ಕು ಕಾಸು ಬರ್ತಿತ್ತು. "ಅಣ್ಣ, ನೀನೇ ಕಟ್ಟಿಬಿಡು" ಅಂತ ಕಂತಿನ ದುಡ್ಡು ಅಪ್ಪನ ಕೈಗೆ ಕೊಟ್ಟು ಬಸ್ ಹತ್ತೋರು. ಅಪ್ಪ ರಾತ್ರಿ ಮನೆಗೆ ಬಂದು ಚಾಪೆ ಮೇಲೆ ಕೂತು ಒಬ್ಬೊಬ್ಬರ ದುಡ್ಡನ್ನೂ ಬೇರೆ ಬೇರೆ ಕವರಿಗೆ ಹಾಕೋರು. ಮದುವೆ ಪತ್ರಿಕೆ ಬಂದ ಹಳೇ ಕವರುಗಳು. ಮೇಲೆ ಪಾಲಿಸಿ ನಂಬರು, ಹೆಸರು, ಎಷ್ಟು ನೋಟು, ಎಷ್ಟು ಚಿಲ್ಲರೆ. ರಬ್ಬರ್ ಬ್ಯಾಂಡ್ ಹಾಕಿ ಕಪ್ಪು ರೆಕ್ಸಿನ್ ಬ್ಯಾಗಿಗೆ. ಒಂದು ಸಲ ಅಮ್ಮ ಹಾಲಿನವನಿಗೆ ಕೊಡೋಕೆ ಚಿಲ್ಲರೆ ಇಲ್ಲ ಅಂತ ಒಂದು ಕವರಿಗೆ ನೂರರ ನೋಟು ಹಾಕಿ ಹತ್ತರ ನೋಟುಗಳನ್ನು ತೆಗೆದುಕೊಂಡರು. ದುಡ್ಡು ಅಷ್ಟಕ್ಕಷ್ಟೇ, ಒಂದು ಪೈಸೆ ಕಮ್ಮಿ ಇಲ್ಲ. ಅಪ್ಪ ಅವತ್ತು ಊಟ ಬಿಟ್ಟು ಎದ್ದರು. "ಅದು ನಮ್ಮ ದುಡ್ಡಲ್ಲ ಕಣೇ, ಮುಟ್ಟಬೇಡ" ಅಂದಿದ್ದು ಅಷ್ಟೇ. ಬೀದಿ ಕೊನೆ ಅಂಗಡಿಗೆ ಹೋಗಿ ಆ ನೂರು ಮುರಿಸಿಕೊಂಡು ಬಂದು ಹತ್ತು ಹತ್ತರ ನೋಟು ವಾಪಸ್ ಕವರಿಗೆ ಸೇರಿಸಿದರು. ಅತಿ ಆಯ್ತು ಅಂತ ನಾವೆಲ್ಲ ನಕ್ಕಿದ್ದೆವು. ಅತಿನೇ. ಆದರೆ ನಾನು ಬೆಳೆದಿದ್ದು ಆ ಮನೆಯಲ್ಲಿ. ಕಂಪನಿ ದುಡ್ಡಲ್ಲಿ ತನ್ನ ಸರ್ಕಾರ ನಡೆಸಿದವನನ್ನು ಕರ್ಣ ಅಂತ ಹೊಗಳಿದರೆ ನನಗೆ ಊಟ ಸೇರಲ್ಲ.

ಈಗ ನನ್ನ ಅನ್ನವೂ ಇನ್ಶೂರೆನ್ಸಿಂದಲೇ. ಈ ಊರಿಗೆ ಬಂದ ನಮ್ಮವರು ಅರ್ಧಕ್ಕರ್ಧ ಯಾವುದಾದರೊಂದು ಇನ್ಶೂರೆನ್ಸ್ ಕಂಪನಿಯ ಸಾಫ್ಟ್‌ವೇರ್‌ಗೆ ಬೆನ್ನು ಬಗ್ಗಿಸಿದವರೇ. ದಿನಾ ನೋಡ್ತೀವಿ. ಪ್ರೀಮಿಯಂ ಬಂದ ತಕ್ಷಣ ಅದು ಲಾಭ ಅಲ್ಲ. ಮುಂದೆ ಬರುವ ಕ್ಲೇಮಿಗೆ ಅಂತ ರಿಸರ್ವ್ ಎತ್ತಿಡಬೇಕು. ಆ ಎತ್ತಿಟ್ಟ ದುಡ್ಡು ಸುಮ್ಮನೆ ಕೂರಲ್ಲ. ಬಾಂಡ್, ಅಡಮಾನ, ಸಾಲ ಅಂತ ಹೊರಗೆ ದುಡಿಯುತ್ತೆ. ಅದನ್ನು ಎಲ್ಲಿ ಹಾಕಬೇಕು ಅಂತ ಹೇಳೋನೇ ಇನ್ಶೂರೆನ್ಸ್ ಕಂಪನಿಯ ನಿಜವಾದ ಯಜಮಾನ. ಹೆಂಡತಿ ಮಕ್ಕಳಿಗೆ ಅಂತ ಜನ ಇಟ್ಟ ದುಡ್ಡು ಅವನ ಬೆರಳ ತುದಿಯಲ್ಲಿ ಊರಿನ ರಾಜಕೀಯ ಆಗುತ್ತೆ, ಸೇತುವೆ ಆಗುತ್ತೆ, ಕುರ್ಚಿ ಆಗುತ್ತೆ. ಬಲ್ಕ್‌ಲಿ ಕಾಲದಲ್ಲಿ ಕಂಪನಿ ದುಡ್ಡಿಗೂ ರಾಜಕೀಯಕ್ಕೂ ಮಧ್ಯೆ ಗೋಡೆನೇ ಇರಲಿಲ್ಲ.

ಸೇತುವೆ ಅಂದೆನಲ್ಲ. ನಾವು ದಿನಾ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಳ್ಳೋ ಆ ಒಂಬತ್ತು ಕಮಾನಿನ ಕಲ್ಲಿನ ಸೇತುವೆ ಬಲ್ಕ್‌ಲಿ ಹೆಸರಿನದೇ. ಹಳೇ ಮರದ ಸೇತುವೆ 1895ರಲ್ಲಿ ಸುಟ್ಟುಹೋದ ಮೇಲೆ ಕಟ್ಟಿ 1908ರಲ್ಲಿ ತೆರೆದಿದ್ದು. ಅವನು ಸೇತುವೆ ಸಮಿತಿಯ ಅಧ್ಯಕ್ಷ, ಓಡಾಡಿದ್ದಾನೆ, ಒಪ್ಪೋಣ. ಮೊದಲು ಅದಕ್ಕೆ ಊರಿನ ಹೆಸರೇ ಇತ್ತು, ಅವನು ಸತ್ತ ಮೇಲೆ ಅವನ ಹೆಸರು ಬಂತು. ಗಟ್ಟಿ ಸೇತುವೆ. ಅದರ ಬಗ್ಗೆ ಇಷ್ಟು ಸಾಕು.

ಬೇಸ್‌ಬಾಲ್ ಕಥೆ ಕೇಳಿದರಂತೂ ನಗು ಬರುತ್ತೆ. 1876ರಲ್ಲಿ ನ್ಯಾಷನಲ್ ಲೀಗ್ ಶುರು ಆದಾಗ ಬಲ್ಕ್‌ಲಿ ಅದರ ಮೊದಲ ಅಧ್ಯಕ್ಷ. ಲೀಗ್ ಕಟ್ಟಿದ್ದು ಅವನಲ್ಲ, ಶಿಕಾಗೋದ ವಿಲಿಯಂ ಹಲ್ಬರ್ಟ್. ಪೂರ್ವ ಭಾಗದ ಒಬ್ಬ ಮರ್ಯಾದಸ್ತ ಮುಖ ಬೇಕಿತ್ತು, ಹಾರ್ಟ್‌ಫರ್ಡ್ ತಂಡದ ಬಲ್ಕ್‌ಲಿ ಸಿಕ್ಕ. ಒಂದು ವರ್ಷಕ್ಕೆ ಬಿಟ್ಟ. ಆಮೇಲೆ ಹಲ್ಬರ್ಟ್ ನಡೆಸಿದರು. ಬೇಸ್‌ಬಾಲ್‌ನ ಹಾಲ್ ಆಫ್ ಫೇಮ್‌ಗೆ ಬಲ್ಕ್‌ಲಿ ಹೆಸರು 1937ರಲ್ಲೇ ಹೋಯಿತು. ಕೆಲಸ ಮಾಡಿದ ಹಲ್ಬರ್ಟ್ ಹೆಸರು ಹೋಗಿದ್ದು 1995ರಲ್ಲಿ! ಬ್ಯಾಟ್ ಹಿಡಿಯದವರು ಕ್ರಿಕೆಟ್ ಮಂಡಳಿ ಅಧ್ಯಕ್ಷರಾಗೋದು ನಮ್ಮ ದೇಶದ ರೋಗ ಅಂದುಕೊಂಡಿದ್ದೆ. ಔಷಧಿ ಇಲ್ಲದ ಕಾಯಿಲೆ ಅದು, ಇಲ್ಲೂ ಇತ್ತು.

ಇನ್ನೊಂದು ಲೆಕ್ಕ. ಗವರ್ನರ್ ಆಗಿದ್ದು ಸಭೆಯ ಕೃಪೆ, ಆಮೇಲೆ ಬೀಗದ ಕೃಪೆ. 1905ರಲ್ಲಿ ಸೆನೆಟರ್ ಆದ. ಆಗ ಸೆನೆಟರನ್ನೂ ಆರಿಸ್ತಿದ್ದಿದ್ದು ಶಾಸನಸಭೆಗಳೇ. ಅಲ್ಲಿಗೆ ರಾಜ್ಯದ ಜನ ಒಟ್ಟಾಗಿ ವೋಟು ಹಾಕಿ ಈ ಮನುಷ್ಯನನ್ನು ಗೆಲ್ಲಿಸಿದ್ದು ಒಂದು ಸಲವೂ ಇಲ್ಲ. ಹಾರ್ಟ್‌ಫರ್ಡ್ ಊರಿನವರು ಗೆಲ್ಲಿಸಿದ್ದರು, ಅಷ್ಟೇ.

ಈಗ ನನ್ನ ವಾದಕ್ಕೆ ನಾನೇ ಕಲ್ಲು ಹಾಕಿಕೊಳ್ಳೋ ಒಂದು ವಿಷಯ ಇದೆ. ಬಚ್ಚಿಟ್ಟರೆ ತಪ್ಪಾಗುತ್ತೆ. 1906ರ ಆಗಸ್ಟ್‌ನಲ್ಲಿ ಟೆಕ್ಸಸ್‌ನ ಬ್ರೌನ್ಸ್‌ವಿಲ್‌ನಲ್ಲಿ ರಾತ್ರಿ ಗುಂಡು ಹಾರಿ ಒಬ್ಬ ಸತ್ತ. ಆರೋಪ ಅಲ್ಲಿದ್ದ ಕಪ್ಪು ಸೈನಿಕರ ಮೇಲೆ. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ವಿಚಾರಣೆನೇ ಇಲ್ಲದೆ 167 ಜನರನ್ನು ಸೈನ್ಯದಿಂದ ಕಿತ್ತುಹಾಕಿದರು. ಸೆನೆಟ್ ಸಮಿತಿಯ ಬಹುಮತ ಅದನ್ನೇ ಎತ್ತಿಹಿಡಿಯಿತು. ಆ ಸೈನಿಕರು ತಪ್ಪು ಮಾಡಿಲ್ಲ ಅಂತ ಬರೆದುಕೊಟ್ಟವರು ಇಬ್ಬರು. ಒಹಾಯೋದ ಜೋಸೆಫ್ ಫೋರೇಕರ್. ಇನ್ನೊಬ್ಬ ಇದೇ ಬಲ್ಕ್‌ಲಿ. ತನ್ನದೇ ಪಕ್ಷದ ಅಧ್ಯಕ್ಷನ ಎದುರು! 1972ರಲ್ಲಿ ಸೈನ್ಯವೇ ಆ ಶಿಕ್ಷೆ ರದ್ದು ಮಾಡಿತು. ಅಷ್ಟೊತ್ತಿಗೆ ಬಹುತೇಕ ಎಲ್ಲರೂ ಸತ್ತಿದ್ದರು.

ಇದನ್ನು ಓದಿದ ದಿನ ನನಗೆ ಸಿಟ್ಟೇ ಬಂತು. ಸುಲಭವಾಗಿ ಬೈಯೋಕೆ ಬಿಡಲ್ಲವಲ್ಲ ಈ ಮುದುಕ ಅಂತ. ಇದರ ಪಕ್ಕದಲ್ಲೇ ಇನ್ನೊಂದು ಇದೆ. ಅವನ ಅಪ್ಪ ಅಧ್ಯಕ್ಷನಾಗಿದ್ದ 1850ರ ದಶಕದಲ್ಲಿ ಈಟ್ನಾ ಗುಲಾಮರ ಜೀವಕ್ಕೆ ಪಾಲಿಸಿ ಬರೆದಿತ್ತು. ಗುಲಾಮ ಸತ್ತರೆ ದುಡ್ಡು ಅವನ ಹೆಂಡತಿಗಲ್ಲ, ಧಣಿಗೆ. 2000ದಲ್ಲಿ ಕಂಪನಿ ಅದಕ್ಕೆ ಬಹಿರಂಗವಾಗಿ ಕ್ಷಮೆ ಕೇಳಿತು. ಆ ಅಪ್ಪನ ಮಗ ಬ್ರೌನ್ಸ್‌ವಿಲ್ ಸೈನಿಕರ ಪರ ನಿಂತ. ಮಕ್ಕಳಿಗೆ ಬಲ್ಕ್‌ಲಿ ಕಥೆ ಹೇಳಲೇಬೇಕು ಅಂದರೆ ಇದನ್ನು ಹೇಳಿ ಸರ್. ಇದರಲ್ಲಿ ಅವನು ಒಂದು ಡಾಲರ್ ಕೂಡ ಖರ್ಚು ಮಾಡಲಿಲ್ಲ, ಹಾಗಾಗಿ ಯಾರಿಗೂ ನೆನಪಿಲ್ಲ.

"ನಮ್ಮ ಕಡೆ ಇಂಥವನು ಇದಾನಾ" ಅಂದರಲ್ಲ, ಅದಕ್ಕೆ ಉತ್ತರ ಇಲ್ಲಿ ಕೊಡ್ತೀನಿ, ಅಲ್ಲಿ ಬಿಡಲಿಲ್ಲ ನೀವು. ನಮ್ಮಲ್ಲಿ 1956ರಲ್ಲಿ 245 ವಿಮಾ ಕಂಪನಿ, ಸೊಸೈಟಿಗಳನ್ನು ಸೇರಿಸಿ ಎಲ್‌ಐಸಿ ಮಾಡಿದರು. ಮರುವರ್ಷವೇ, 1957ರಲ್ಲಿ, ಹರಿದಾಸ್ ಮುಂದ್ರಾ ಅನ್ನೋ ವ್ಯಾಪಾರಿಯ ಆರು ಕಂಪನಿಗಳ ಷೇರಿಗೆ ಎಲ್‌ಐಸಿಯ 1 ಕೋಟಿ 24 ಲಕ್ಷಕ್ಕೂ ಜಾಸ್ತಿ ಹಾಕಿದರು. ಹೂಡಿಕೆ ಸಮಿತಿಯನ್ನು ಕೇಳಲೇ ಇಲ್ಲ. ಆಗ ಲೋಕಸಭೆಯಲ್ಲಿ ಫಿರೋಜ್ ಗಾಂಧಿ ಎದ್ದು ನಿಂತರು. ಆಡಳಿತ ಪಕ್ಷದವರೇ, ಪ್ರಧಾನಿಯ ಅಳಿಯನೇ. ಪಾಲಿಸಿದಾರರ ದುಡ್ಡು ಇದು, ಲೆಕ್ಕ ಕೊಡಿ ಅಂತ ಪಟ್ಟು ಹಿಡಿದರು. ನ್ಯಾಯಮೂರ್ತಿ ಛಾಗ್ಲಾ ಬಾಂಬೆಯಲ್ಲಿ ಎಲ್ಲರೆದುರು ವಿಚಾರಣೆ ನಡೆಸಿದರು. 1958ರ ಫೆಬ್ರವರಿಯಲ್ಲಿ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟು ಹೋದರು.

ನಾವೇನು ಸಾಚಾ ಅಂತ ನಾನು ಹೇಳ್ತಿಲ್ಲ. ಮುಂದ್ರಾ ನಮ್ಮವನೇ. ಆದರೆ ದುಡ್ಡು ಯಾರದು ಅಂತ ಕೇಳೋನು ಒಬ್ಬ ಇದ್ದ, ಕೇಳಿದ ಮೇಲೆ ಮಂತ್ರಿ ಮನೆಗೆ ಹೋಗಬೇಕಾಯಿತು. ಬಲ್ಕ್‌ಲಿಯದು ಬೀಗ, ಹಾರೆ, ಕೋರ್ಟು ಅಂತ ಎಲ್ಲ ಆಯಿತು. ಇಷ್ಟಾದರೂ ಅವನ ಹೆಸರಿಗೆ ಮೆತ್ತಿಕೊಂಡಿದ್ದು ಹಾರೆ ಮಾತ್ರ. ಆ 3 ಲಕ್ಷ ಡಾಲರ್ ಅವನ ಔದಾರ್ಯದ ಪಟ್ಟಿಗೆ ಹೋಗಿ ಸೇರಿತು.

ಅಮೆರಿಕದಲ್ಲಿ ಯಾರೂ ಕೇಳಲೇ ಇಲ್ಲ ಅಂತಲೂ ಅಲ್ಲ. 1905ರಲ್ಲಿ, ಬಲ್ಕ್‌ಲಿ ಸೆನೆಟ್‌ಗೆ ಹೋದ ವರ್ಷವೇ, ಪಕ್ಕದ ನ್ಯೂಯಾರ್ಕ್‌ನಲ್ಲಿ ಶಾಸನಸಭೆಯ ಸಮಿತಿ ದೊಡ್ಡ ದೊಡ್ಡ ಜೀವವಿಮೆ ಕಂಪನಿಗಳನ್ನು ಕಟಕಟೆಗೆ ಎಳೆಯಿತು. ಪ್ರಶ್ನೆ ಕೇಳಿದ ವಕೀಲ ಚಾರ್ಲ್ಸ್ ಇವಾನ್ಸ್ ಹ್ಯೂಸ್. ಕೂಗಾಡಲಿಲ್ಲ. ಲೆಕ್ಕದ ಪುಸ್ತಕ ತೆಗೆಸಿ, ಈ ದುಡ್ಡು ಎಲ್ಲಿಗೆ ಹೋಯಿತು, ಯಾರು ಹೇಳಿದ್ದು ಅಂತ ಸಾಲು ಸಾಲಾಗಿ ಕೇಳ್ತಾ ಹೋದರು. ನ್ಯೂಯಾರ್ಕ್ ಲೈಫ್ ಕಂಪನಿ 1904ರ ಚುನಾವಣೆಗೆ ರಿಪಬ್ಲಿಕನ್ ಪಕ್ಷಕ್ಕೆ ಸುಮಾರು 48 ಸಾವಿರ ಡಾಲರ್ ಕೊಟ್ಟಿದ್ದು ಹೊರಬಂತು. ಪಾಲಿಸಿ ಕಟ್ಟಿದ ಡೆಮಾಕ್ರಟರ ದುಡ್ಡೂ ಅದರಲ್ಲಿತ್ತು, ಹಾರ್ಟ್‌ಫರ್ಡ್‌ನಲ್ಲಿ ಆದ ಹಾಗೇ. ಮರುವರ್ಷ ಇನ್ಶೂರೆನ್ಸ್ ಕಂಪನಿಗಳು ಚುನಾವಣೆಗೆ ದುಡ್ಡು ಕೊಡಬಾರದು ಅಂತ ನ್ಯೂಯಾರ್ಕ್ ಕಾನೂನು ಮಾಡಿತು.

ಆ ಹ್ಯೂಸ್ 1906ರಲ್ಲಿ ನ್ಯೂಯಾರ್ಕ್ ಗವರ್ನರ್ ಚುನಾವಣೆಗೆ ನಿಂತರು. ಎದುರಾಳಿ ವಿಲಿಯಂ ರಾಂಡಾಲ್ಫ್ ಹರ್ಸ್ಟ್, ಪತ್ರಿಕೆಗಳ ಒಡೆಯ, ದುಡ್ಡಿನ ಕುಳ. ಹ್ಯೂಸ್ ಗೆದ್ದರು. ವೋಟು ಜಾಸ್ತಿ ತಗೊಂಡೇ ಗೆದ್ದರು, ಹಾರೆ ಬೇಕಾಗಲಿಲ್ಲ.